ಔಷಧಿಯ ಋಣ

ಎಂಜಲು ಎಂಬುದರ ಬಗ್ಗೆ ನಮ್ಮ ಅಜ್ಜಿಯರಿಗೆ ಇದ್ದ ಕಟ್ಟುನಿಟ್ಟು ಅಷ್ಟಿಷ್ಟಲ್ಲ. ತುಟಿ ತಾಗಿದ ಲೋಟವನ್ನು ಕೊಡದೊಳಗೆ ಅದ್ದುವಂತಿರಲಿಲ್ಲ. ಆ ಕಟ್ಟಳೆ ಮನುಷ್ಯರನ್ನು ದೂರವಿಡುವುದಕ್ಕೂ ಬಳಕೆಯಾಯಿತೆಂಬುದು ನಾಚಿಕೆಯ ಮಾತು. ಆದರೂ ಅದರೊಳಗೊಂದು ವಿವೇಕವಿತ್ತು. ನನ್ನ ನಂತರ ಇನ್ನೊಬ್ಬರು ಈ ನೀರನ್ನು ಬಳಸುತ್ತಾರೆ ಎಂಬ ಎಚ್ಚರ ಅದು.

ಸಿ.ವಿ. ರಾಮನ್ ನಗರದ ನಮ್ಮ ಮನೆಯಲ್ಲಿ ಈ ಮಾತು ಮತ್ತೆ ಎದ್ದದ್ದು 2024ರ ಬೇಸಿಗೆಯಲ್ಲಿ. ನನ್ನ ಓರಗಿತ್ತಿಗೆ ಸ್ತನ ಕ್ಯಾನ್ಸರಿನ ಚಿಕಿತ್ಸೆ ನಡೆಯುತ್ತಿತ್ತು. ಬೆಳಿಗ್ಗೆ ಹೋಗಿ ಡ್ರಿಪ್ ಹಾಕಿಸಿಕೊಂಡು ಸಂಜೆ ಮನೆಗೆ ಬರುತ್ತಿದ್ದಳು. ಎರಡು ದಿನ ಶೌಚಾಲಯದ ಮುಚ್ಚಳ ಮುಚ್ಚಿ ಎರಡೆರಡು ಸಲ ನೀರು ಬಿಡಿ, ಬಟ್ಟೆ ಒಗೆಯುವವರು ಕೈಗವಸು ಹಾಕಿಕೊಳ್ಳಲಿ ಎಂದು ನರ್ಸ್ ಹೇಳಿ ಕಳಿಸಿದ್ದರು. ಟ್ಯಾಂಕರಿಗಾಗಿ ಕಾಯುತ್ತಿದ್ದ ದಿನಗಳವು. ಒಂದು ದಿನ ಅವಳು ಕೇಳಿದಳು, "ಅಕ್ಕಾ, ಇನ್ನೊಬ್ಬರು ಮುಟ್ಟಬಾರದಂಥದ್ದು ನನ್ನ ಮೈಯಿಂದ ಹೋಗ್ತಾ ಇದೆಯಲ್ಲ, ಆ ನೀರು ಎಲ್ಲಿಗೆ ಹೋಗತ್ತೆ?"

ನಾನು ಸಮಾಜ ಪಾಠ ಹೇಳುವವಳು. ಉತ್ತರಕ್ಕಾಗಿ ಓದಬೇಕಾಯಿತು. ಸೈಕ್ಲೋಫಾಸ್ಫಮೈಡ್ ಎಂಬ ಔಷಧಿಯನ್ನೇ ನೋಡಿ. ಯುದ್ಧದಲ್ಲಿ ಬಳಸಿದ ಸಾಸಿವೆ ಅನಿಲದ ವಂಶದ್ದು. 1950ರ ದಶಕದ ಕೊನೆಯಿಂದ ಲೆಕ್ಕವಿಲ್ಲದಷ್ಟು ಜನರನ್ನು ಬದುಕಿಸಿದೆ. ಕೊಟ್ಟದ್ದರಲ್ಲಿ ನೂರಕ್ಕೆ ಸುಮಾರು 10ರಿಂದ 20 ಪಾಲು ಬದಲಾಗದೆ ಮೂತ್ರದಲ್ಲಿ ಹೊರಬರುತ್ತದೆ. ಕೊಳಚೆ ನೀರನ್ನು ಶುದ್ಧಮಾಡುವ ಘಟಕಗಳಲ್ಲಿರುವ ಸೂಕ್ಷ್ಮಜೀವಿಗಳಿಗೆ ಇದು ಸುಲಭದ ತುತ್ತಲ್ಲ. ಫ್ಲೋರೋಯುರಾಸಿಲ್‌ನಂಥವು ಬೇಗ ಒಡೆಯುತ್ತವೆ. ಸಿಸ್‌ಪ್ಲಾಟಿನ್‌ನಲ್ಲಿರುವ ಪ್ಲಾಟಿನಂ ಲೋಹವಾದ್ದರಿಂದ ರೂಪ ಬದಲಿಸಬಹುದೇ ಹೊರತು ಇಲ್ಲವಾಗದು.

ಬೆಂಗಳೂರಿನ ಕೊಳಚೆ ನೀರಿನ ಕಥೆ ನಮಗೆಲ್ಲ ಗೊತ್ತು. ಬೆಳ್ಳಂದೂರು ಕೆರೆ ನೊರೆಯುಗುಳಿದ್ದನ್ನು, 2015ರಲ್ಲೂ 2017ರಲ್ಲೂ ಬೆಂಕಿ ಹೊತ್ತಿದ್ದನ್ನು ಕಂಡಿದ್ದೇವೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ದಿನಕ್ಕೆ 44 ಕೋಟಿ ಲೀಟರಿನ ಯೋಜನೆ ಅದು. ಬತ್ತಿದ ಕೆರೆ ತುಂಬಿದ್ದನ್ನು ಕಂಡ ರೈತನಿಗೆ ಆದ ಸಂತೋಷ ಸುಳ್ಳಲ್ಲ. ಆದರೆ ಅಲ್ಲಿನ ಸಂಸ್ಕರಣೆ ಎರಡನೆಯ ಹಂತದ್ದು. ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳನ್ನು ನಂಬಿದ್ದು. ಔಷಧಿಗಳನ್ನು ಒಡೆಯಲೆಂದು ಕಟ್ಟಿದ್ದಲ್ಲ.

ಹೆದರಿ ಟೊಮೇಟೊ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಜಗತ್ತಿನ ನದಿಗಳಲ್ಲಿ ಇಂಥ ಔಷಧಿಗಳು ಸಿಕ್ಕಿರುವುದು ಹೆಚ್ಚಾಗಿ ಲೀಟರಿಗೆ ಇಷ್ಟು ನ್ಯಾನೊಗ್ರಾಂ ಎಂಬ ಲೆಕ್ಕದಲ್ಲಿ. ಒಂದು ನ್ಯಾನೊಗ್ರಾಂ ಎಂದರೆ ನೂರು ಕೋಟಿ ಲೀಟರಿನಲ್ಲಿ ಒಂದು ಗ್ರಾಂ. ಆದರೆ ಈ ಔಷಧಿಗಳ ಕೆಲಸವೇ ಬೆಳೆಯುವ ಜೀವಕೋಶಗಳನ್ನು ತಡೆಯುವುದು. ಮೀನಿನ ಮೊಟ್ಟೆಯಲ್ಲೂ ಬೆಳೆಯುವ ಕೋಶಗಳಿವೆ, ಮತ್ತು ಮೀನು ಹುಟ್ಟಿನಿಂದ ಸಾವಿನವರೆಗೆ ಅದೇ ನೀರಿನಲ್ಲಿ ಇರುತ್ತದೆ. ದನದ ನೋವಿಗೆ ಕೊಟ್ಟ ಡೈಕ್ಲೋಫಿನಾಕ್ ಹದ್ದಿಗಿಂತ ದೊಡ್ಡದಾದ ರಣಹದ್ದಿನ ಕುಲವನ್ನೇ ಅಳಿವಿನಂಚಿಗೆ ತಂದದ್ದು ನಮಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು. ದನಗಳಿಗೆ ಅದನ್ನು ಕೊಡುವುದಕ್ಕೆ 2006ರಲ್ಲಿ ನಿಷೇಧ ಬಂತು. ರಾಮನಗರದ ರಾಮದೇವರಬೆಟ್ಟದಲ್ಲಿ ಉಳಿದಿದ್ದ ಕೆಲವೇ ಹಕ್ಕಿಗಳಿಗಾಗಿ 2012ರಲ್ಲಿ ರಣಹದ್ದು ಧಾಮ ಆಯಿತು. ದನಕ್ಕೆ ಮದ್ದು ಕೊಟ್ಟವರಲ್ಲಿ ಯಾರು ಪಾಪಿ? ಯಾರೂ ಅಲ್ಲ.

ನನ್ನನ್ನು ಕಾಡುವುದು ಇದೇ. ಪಾಪ ಎಂದರೆ ಮಾಡಿದವರೊಬ್ಬರು ಇರಬೇಕು. ಇಲ್ಲಿ ರೋಗಿ ಬದುಕಲು ಬಯಸಿದಳು, ವೈದ್ಯರು ಬದುಕಿಸಿದರು. ಆದರೂ ನೀರಿಗೆ ವಿಷ ಸೇರಿತು. ಹಾಗಾಗಿ ಇದನ್ನು ಪಾಪವೆನ್ನದೆ ಋಣವೆನ್ನಬೇಕೆಂದು ನನಗನಿಸುತ್ತದೆ. ಋಣ ತಪ್ಪು ಮಾಡಿದವರಿಗಷ್ಟೇ ಅಲ್ಲ, ಉಪಕಾರ ಪಡೆದವರಿಗೂ ಇರುತ್ತದೆ. ನಾಳೆ ನಮ್ಮಲ್ಲಿ ಯಾರಿಗೆ ಈ ಔಷಧಿ ಬೇಕಾದೀತೋ ಯಾರು ಬಲ್ಲರು? ಆದ್ದರಿಂದ ಋಣವೂ ಎಲ್ಲರದು. ಕೂದಲು ಉದುರಿ, ಊಟ ಸೇರದೆ ಮಲಗಿದವಳ ತಲೆಯ ಮೇಲೆ ಅದನ್ನು ಹೊರಿಸಿದರೆ ಅಜ್ಜಿಯ ಕಾಲದ ಮೈಲಿಗೆಯನ್ನೇ ಮತ್ತೆ ತಂದಂತೆ.

ತೀರಿಸುವ ದಾರಿಗಳಿಲ್ಲದೆ ಇಲ್ಲ. ಓಝೋನ್, ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಅತಿನೇರಳೆ ಬೆಳಕು ಇವುಗಳಿಂದ ಇಂಥ ಅಣುಗಳನ್ನು ಒಡೆಯಬಹುದು. ಒಡೆದ ಚೂರುಗಳು ಕೆಲವೊಮ್ಮೆ ಮೂಲಕ್ಕಿಂತ ಕೆಟ್ಟವಾಗುವುದುಂಟು, ಅದನ್ನೂ ಪರೀಕ್ಷಿಸಬೇಕು. ಇದಕ್ಕೆ ಹಣ ಬೇಕು. ಅದು ಸರ್ಕಾರದಿಂದ, ಔಷಧಿ ತಯಾರಿಸಿ ಲಾಭ ಪಡೆದವರಿಂದ, ತೆರಿಗೆ ಕಟ್ಟುವ ನಮ್ಮಿಂದ ಬರಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಆಸ್ಪತ್ರೆಯಲ್ಲಿ ಉಳಿದ ಇಂಥ ಔಷಧಿಯನ್ನು ತಯಾರಕರಿಗೆ ಹಿಂತಿರುಗಿಸಬೇಕು, ಇಲ್ಲವೇ 1200 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಸುಡಲು ಕಳಿಸಬೇಕು. ಮನೆಯ ಬಚ್ಚಲಿಗೆ ಅಂಥ ಕಾವಲಿಲ್ಲ.

ನಮ್ಮ ಕೈಲಾದದ್ದು ಸ್ವಲ್ಪವೇ. ಉಳಿದ ಮಾತ್ರೆಗಳನ್ನು ಸಿಂಕಿಗೂ ಕಸದ ಬುಟ್ಟಿಗೂ ಹಾಕದೆ, ಚಿಕಿತ್ಸೆ ಕೊಟ್ಟ ಆಸ್ಪತ್ರೆಯವರನ್ನೇ ಕೇಳಿ ಒಪ್ಪಿಸುವುದು. ರೋಗಿಯ ಬಟ್ಟೆ ಒಗೆಯುವ, ಬಚ್ಚಲು ತೊಳೆಯುವ ಕೆಲಸದಾಕೆಗೆ ವಿಷಯ ತಿಳಿಸಿ ಕೈಗವಸು ಕೊಡುವುದು. ಇದನ್ನು ಅನೇಕರು ಮುಚ್ಚಿಡುತ್ತಾರೆ, ಕೆಲಸ ಬಿಟ್ಟುಹೋದಾಳೆಂದು. ಅವಳ ಕೈಯೂ ಕೈಯೇ ಅಲ್ಲವೇ?

ಓರಗಿತ್ತಿಗೆ ನಾನು ಇಷ್ಟು ಹೇಳಿದೆ: "ನೀನು ಎರಡು ಸಲ ನೀರು ಬಿಡು, ಲೆಕ್ಕ ಇಡಬೇಡ. ಆ ನೀರು ಎಲ್ಲಿಗೆ ಹೋಗುತ್ತದೆಂದು ಕೇಳುವುದು ಗಟ್ಟಿಯಾಗಿರುವ ನಮ್ಮ ಕೆಲಸ."