ಅನರ್ಥವಲ್ಲದ ಆರೋಹಣ

ನಿಷ್ಪ್ರಯೋಜಕವಾಗಿ ಗಿಡಬಳ್ಳಿಗಳನ್ನು ಕಡಿಯುವುದು, ನೆಲವನ್ನು ಕೆದಕುವುದು ಮೊದಲಾದ ದೋಷಗಳ ಸಾಲಿನಲ್ಲಿಯೇ ಸುಮ್ಮನೆ ಅಲೆಯುವುದನ್ನೂ ಅನ್ಯರನ್ನು ಅಲೆಯಿಸುವುದನ್ನೂ ಸೇರಿಸಿ, ಇವೆಲ್ಲವನ್ನೂ ಪ್ರಮಾದಚರ್ಯೆಯೆಂದು ಕರೆದವರು ‘ರತ್ನಕರಂಡಕ ಶ್ರಾವಕಾಚಾರ’ದ ಕರ್ತೃಗಳಾದ ಸಮಂತಭದ್ರಾಚಾರ್ಯರು. ಜೈನ ಗೃಹಸ್ಥನು ಕೈಕೊಳ್ಳಬೇಕಾದ ಗುಣವ್ರತಗಳಲ್ಲಿ ಒಂದಾದ ಅನರ್ಥದಂಡವ್ರತವು ಇಂತಹ ಹುರುಳಿಲ್ಲದ ಹಿಂಸೆಯಿಂದ ಹಿಂದೆಗೆಯುವ ಸಂಕಲ್ಪ. ಹಾಗಾದರೆ, ಯಾವ ಹರಕೆಯ ಹಂಗೂ ಇಲ್ಲದೆ, ಶಿಖರದಿಂದ ಕಾಣುವ ನೋಟದ ಸೊಗಸಿಗಾಗಿಯೇ ಆದಿತ್ಯವಾರದ ಬಿಡುವಿನಲ್ಲಿ ಬೆಟ್ಟ ಹತ್ತಹೊರಟವನ ನಡಿಗೆಯೂ ಅನರ್ಥವೇ? ಚಾರಣವು ಇಂದು ಇಷ್ಟೊಂದು ಜನರ ಹವ್ಯಾಸವಾಗಿರುವಾಗ ಈ ಪ್ರಶ್ನೆಯನ್ನು ಹಳೆಯ ಕಾಲದ ಕಟ್ಟುನಿಟ್ಟೆಂದು ಬದಿಗಿಡುವುದು ನನಗೆ ಸರಿಯೆನಿಸದು.

ಪ್ರಶ್ನೆಯು ತಾನಾಗಿಯೇ ಎದುರಾಗುವ ಸ್ಥಳವೆಂದರೆ ಶ್ರವಣಬೆಳಗೊಳ. ಅಲೆದಾಟಕ್ಕೆ ಇಷ್ಟು ಬಿಗಿಯಾದ ಎಲ್ಲೆಯನ್ನು ಹಾಕಿದ ಧರ್ಮವೇ ಅಲ್ಲಿ ಬಂಡೆಯನ್ನು ಕಡೆದು ಮೆಟ್ಟಿಲು ಮಾಡಿ ಜನರನ್ನು ಮೇಲಕ್ಕೆ ಕರೆದಿದೆ. ದೊಡ್ಡಬೆಟ್ಟವೆನಿಸಿದ ವಿಂಧ್ಯಗಿರಿಯು ಬಯಲಿನಿಂದ ಸುಮಾರು 470 ಅಡಿ ಎತ್ತರವಿದ್ದು, 600ಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಹೊಂದಿದೆ; ಚಿಕ್ಕಬೆಟ್ಟವೆನಿಸಿದ ಚಂದ್ರಗಿರಿಯ ಎತ್ತರ ಸುಮಾರು 175 ಅಡಿ; ನಡುವೆ ಊರೂ ಕಲ್ಯಾಣಿಯೂ. ಬೆಟ್ಟವೇರುವ ಅಭ್ಯಾಸವೇ ಇಲ್ಲದವರು, ಮಕ್ಕಳನ್ನು ಕರೆತಂದವರು, ಮಂಡಿನೋವಿನ ಹಿರಿಯರು ಮೊದಲು ಚಿಕ್ಕಬೆಟ್ಟವನ್ನು ಹತ್ತಿ, ಕಾಲಿನ ಶಕ್ತಿಯನ್ನು ಅರಿತುಕೊಂಡು, ಅನಂತರ ದೊಡ್ಡಬೆಟ್ಟಕ್ಕೆ ಹೋಗುವುದು ಲೇಸು.

ಪಯಣದ ಸಿದ್ಧತೆಯಲ್ಲಿಯೇ ಧರ್ಮವಿಚಾರವು ಮೊದಲಾಗುತ್ತದೆ. ಪರಿಗ್ರಹ ಪರಿಮಾಣವು ಗೃಹಸ್ಥನ ಐದು ಅಣುವ್ರತಗಳಲ್ಲಿ ಒಂದು. ತನ್ನದೆಂದು ಇಟ್ಟುಕೊಳ್ಳುವ ವಸ್ತುಗಳಿಗೆ ತಾನೇ ಮಿತಿಯನ್ನು ಕಟ್ಟಿಕೊಳ್ಳುವುದು ಅದರ ತಿರುಳು. ನವಿಲುಗರಿಯ ಪಿಂಛವನ್ನೂ ಕಮಂಡಲುವನ್ನೂ ಹಿಡಿದು ಮುನಿಗಳು ನಡೆದ ದಾರಿಯಲ್ಲಿ ಬೆನ್ನು ಬಾಗುವಷ್ಟು ಹೊರೆಯನ್ನು ಹೊತ್ತು ಹೋಗುವವನು ಒಂದು ಪಾಠವನ್ನು ಕೈಬಿಟ್ಟಂತೆಯೇ ಸರಿ: ಕುಡಿಯುವ ನೀರು ಹಾಗೂ ಬಿಸಿಲಿಗೊಂದು ವಸ್ತ್ರವಿದ್ದರೆ ಸಾಕು, ಬುತ್ತಿಯನ್ನು ಕೆಳಗಿಳಿದು ಬಂದು ಬಿಚ್ಚಬಹುದು. ಪಾದರಕ್ಷೆಯನ್ನು ಬೆಟ್ಟದ ಬುಡದಲ್ಲಿಯೇ ಕಳಚಬೇಕಾಗಿರುವುದರಿಂದ, ಮಧ್ಯಾಹ್ನದ ಹೊತ್ತಿಗೆ ಕಾದ ಹೆಂಚಾಗುವ ಬಂಡೆಯ ಮೇಲೆ ಬರಿಗಾಲಿನಲ್ಲಿ ನಡೆಯುವ ಕಷ್ಟವನ್ನು ನೆನೆದು, ಬೆಳಕು ಹರಿದೊಡನೆಯೇ ಹೊರಡುವುದು ಉಚಿತ.

ಬೆಳಕು ಹರಿಯಲಿ ಎಂದೆನಷ್ಟೆ; ಅದಕ್ಕೆ ಬಿಸಿಲಿನ ಭಯದ ಹೊರತಾಗಿಯೂ ಒಂದು ಕಾರಣವುಂಟು. ಈರ್ಯಾಸಮಿತಿಯೆಂಬ ನಿಯಮದಂತೆ ಮುನಿಯು ಹಗಲಿನ ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡುತ್ತ, ಇರುವೆಯೂ ಹುಳುವೂ ಕಾಲಡಿಗೆ ಸಿಕ್ಕದಂತೆ ಹೆಜ್ಜೆಯಿಡಬೇಕು. ಮಳೆಗಾಲದಲ್ಲಿ ನೆಲದ ತುಂಬ ಜೀವರಾಶಿಯು ಹುಟ್ಟಿ ಹಬ್ಬುವುದರಿಂದ ಆ ನಾಲ್ಕು ತಿಂಗಳು ಸಂಚಾರವನ್ನೇ ನಿಲ್ಲಿಸಿ ಒಂದೆಡೆ ನೆಲೆಸುವುದು ಅವರ ವರ್ಷಾಯೋಗ. ಹಸುರು ಉಕ್ಕುವ ಕಾಲವೆಂದು ಆ ತಿಂಗಳುಗಳಲ್ಲಿಯೇ ಸಹ್ಯಾದ್ರಿಯ ಗುಡ್ಡಗಳಿಗೆ ಗುಂಪುಗುಂಪಾಗಿ ನುಗ್ಗುವ ನಮ್ಮ ತರುಣರು ಈ ಸಂಯಮದ ಹಿಂದಿನ ಕರುಣೆಯನ್ನು ಒಮ್ಮೆಯಾದರೂ ಮನಸ್ಸಿಗೆ ತಂದುಕೊಳ್ಳಲೆಂದು ನಾನು ಹೃತ್ಪೂರ್ವಕವಾಗಿ ಬಯಸುತ್ತೇನೆ.

ಆದರೆ ಕಣ್ಣು ನೆಲದಲ್ಲಿ ನೆಟ್ಟಿದ್ದರೆ ನೋಟವೆಲ್ಲಿ? ಚಿಕ್ಕಬೆಟ್ಟದ ಮೇಲೆ, ಏಳನೆಯ ಶತಮಾನದಷ್ಟು ಹಿಂದಿನ ಶಾಸನಗಳಿರುವ ಬಂಡೆಯ ಬಳಿ ನಿಂತವನಿಗೆ ದಕ್ಷಿಣದಲ್ಲಿ, ತೆಂಗಿನ ತೋಪುಗಳನ್ನೂ ಕಲ್ಯಾಣಿಯ ನೀರನ್ನೂ ದಾಟಿ, ದೊಡ್ಡಬೆಟ್ಟದ ನೆತ್ತಿಯಲ್ಲಿ ಗೊಮ್ಮಟನೆನಿಸಿದ ಬಾಹುಬಲಿಯ ಮೂರ್ತಿಯ ಮುಖವೂ ಭುಜಗಳೂ ಕಾಣುತ್ತವೆ. ಆ ಬಂಡೆಯ ಶಾಸನಗಳಲ್ಲಿ ಬಹಳಷ್ಟು, ಅನ್ನನೀರನ್ನು ಕ್ರಮವಾಗಿ ತೊರೆಯುವ ಸಲ್ಲೇಖನದಿಂದ ದೇಹವನ್ನು ತ್ಯಜಿಸಿದವರ ನೆನಪಿಗಾಗಿ ಕೊರೆದವು. ನಾವು ನೋಡಲೆಂದು ಏರುವ ಎತ್ತರಕ್ಕೆ ಅವರು ಸಮಸ್ತವನ್ನೂ ಬಿಡಲೆಂದು ಏರಿದರು. ಗಂಗರ ರಾಚಮಲ್ಲನ ಮಂತ್ರಿಯಾದ ಚಾವುಂಡರಾಯನು ಸುಮಾರು 981ರಲ್ಲಿ ನಿಲ್ಲಿಸಿದ, 58 ಅಡಿಯ ಆ ಮೂರ್ತಿಯ ಕಥೆಯಾದರೂ ನೆಲದ ಒಡೆತನದ ಕಥೆಯೇ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಅಣ್ಣನಾದ ಭರತ ಚಕ್ರವರ್ತಿಯನ್ನು ಗೆದ್ದೂ ರಾಜ್ಯವನ್ನು ತೊರೆದ ಬಾಹುಬಲಿಯು, ಬಳ್ಳಿಗಳು ಮೈಯನ್ನು ಹಬ್ಬಿ ಹುತ್ತಗಳು ಕಾಲನ್ನು ಮುತ್ತುವವರೆಗೆ ಒಂದು ವರ್ಷ ಅಲುಗದೆ ನಿಂತರೂ ಅವನಿಗೆ ಕೇವಲಜ್ಞಾನವು ದೊರೆಯಲಿಲ್ಲವೆಂದೂ, ತಾನು ನಿಂತಿರುವುದು ಭರತನ ನೆಲದಲ್ಲಿ ಎಂಬ ಒಂದು ಮುಳ್ಳು ಒಳಗೆ ಉಳಿದಿತ್ತೆಂದೂ, ಭರತನೇ ಬಂದು ಪೂಜಿಸಿದ ಮೇಲೆ ಅದು ಕಳೆಯಿತೆಂದೂ ನಮ್ಮ ನಾಡಿನಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ.

ಬೆಟ್ಟದ ಮೇಲೆ ನಿಂತು ದಿಗಂತದವರೆಗೆ ಕಣ್ಣು ಹಾಯಿಸಿದವನ ಮನಸ್ಸಿನಲ್ಲಿ ಏಳುವ ಹಿಗ್ಗಿನೊಳಗೆ, ಅವನಿಗೇ ಅರಿವಾಗದಂತೆ, ಇದೆಲ್ಲವೂ ನನ್ನ ಕಣ್ಣಿಗೆ ದಕ್ಕಿತು ಎಂಬ ಸ್ವಾಮ್ಯಭಾವವೂ ಅಡಗಿರುತ್ತದೆ. ಕಂಡದ್ದನ್ನು ಚಿತ್ರವಾಗಿ ಸೆರೆಹಿಡಿದು ಒಯ್ಯುವ ಆತುರವೂ, ಕಲ್ಲಿನ ಮೇಲೆ ಹೆಸರನ್ನು ಕೆತ್ತುವ ದುರ್ಬುದ್ಧಿಯೂ ಅದರದೇ ಸಂತತಿ. ನಡಿಗೆಯನ್ನು ಅನರ್ಥಗೊಳಿಸುವುದು ಹರಕೆಯ ಅಭಾವವಲ್ಲ, ಈ ಮಮಕಾರ. ತೀರ್ಥಂಕರರಾಗಲಿ ಬಾಹುಬಲಿಯಾಗಲಿ ಭಕ್ತನಿಗೆ ವರವನ್ನು ಕೊಡುವವರಲ್ಲವಾದ್ದರಿಂದ ಈ ಮೆಟ್ಟಿಲುಗಳು ಯಾವ ಬಯಕೆಯ ಪೂರೈಕೆಗೂ ದಾರಿಯಲ್ಲ. ಜಿನಭಕ್ತನು ಕೂಡ ಇಲ್ಲಿ ಬೇಡಿ ಪಡೆಯಲು ಏರುವುದಿಲ್ಲ, ಒಬ್ಬನು ತೊರೆದ ಬಗೆಯನ್ನು ಕಾಣಲು ಏರುತ್ತಾನೆ. ಹೀಗಿರಲಾಗಿ, ಹೆಜ್ಜೆಯಿಡುವಾಗ ನೆಲವನ್ನೂ ನಿಂತಾಗ ದಿಗಂತವನ್ನೂ ನೋಡುತ್ತ, ಕಂಡದ್ದನ್ನು ಕಂಡಲ್ಲಿಯೇ ಬಿಟ್ಟು ಇಳಿಯುವವನ ಚಾರಣವು, ಅವನು ನೋಟಕ್ಕಾಗಿಯೇ ಬಂದಿದ್ದರೂ, ಆಚಾರ್ಯರು ನಿಷೇಧಿಸಿದ ಅಲೆದಾಟವಾಗಲಾರದೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ.

ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳವು ಹನ್ನೆರಡು ಹದಿಮೂರು ಕಿಲೋಮೀಟರಿಗಿಂತ ದೂರವಿಲ್ಲ. ಕಾರ್ತಿಕವು ಕಳೆದು ನೆಲವು ಆರಿದ ಮೇಲೆ, ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಮುಂಜಾನೆಯೇ ಅಲ್ಲಿಗೆ ಬನ್ನಿರಿ. ಚಿಕ್ಕಬೆಟ್ಟವನ್ನು ಅವಸರವಿಲ್ಲದೆ ಹತ್ತಿರಿ. ಶಾಸನಗಳ ಮೇಲೆ ಕಾಲಿಡದಿರಿ.