ಇಂದಿನ ಧಮ್ಮ ಚಿಂತನೆ: ಸುಟ್ಟ ಫ್ಯೂಸ್ ಏನು ಹೇಳುತ್ತದೆ?



ದುಃಖಕ್ಕೆ ಕಾರಣವಿದೆ, ಕಾರಣ ಹೋದರೆ ದುಃಖವೂ ಹೋಗುತ್ತದೆ. ಇದು ಭಗವಾನ್ ಬುದ್ಧರ ಬೋಧನೆಯ ತಿರುಳು. ಪಟಿಚ್ಚ ಸಮುಪ್ಪಾದ ಎಂಬ ಪಾಲಿ ಹೆಸರು ಕೇಳಿದರೆ ಇದು ಭಂತೇಜಿಗಳಿಗೆ ಮಾತ್ರ ತಿಳಿಯುವ ವಿಷಯ ಎನಿಸಬಹುದು. ಆದರೆ ಕಾರಿನ ಬ್ರೇಕ್ ಲೈಟಿನಲ್ಲೂ ಅದನ್ನು ಕಾಣಬಹುದು.

ನಮ್ಮ ಬಳಗದ ಅಣ್ಣ ಒಬ್ಬರ ಕಾರಿನಲ್ಲಿ ಬ್ರೇಕ್ ಲೈಟಿನ ಫ್ಯೂಸ್ ಪದೇ ಪದೇ ಸುಡುತ್ತಿತ್ತು. ಬ್ರೇಕ್ ಲೈಟ್ ಕೆಟ್ಟರೆ ಓಡಿಸುವವರಿಗೆ ಕಾಣುವುದಿಲ್ಲ. ಹಿಂದೆ ಬರುವ ಲಾರಿಯವನಿಗೆ ಮುಂದಿನ ಗಾಡಿ ನಿಲ್ಲುತ್ತಿದೆ ಎಂಬುದೇ ತಿಳಿಯುವುದಿಲ್ಲ. ಅಣ್ಣ ಭಾನುವಾರ ವಯಸ್ಸಾದವರನ್ನೂ ಮಕ್ಕಳನ್ನೂ ವಿಹಾರಕ್ಕೆ ಕರೆತರುವುದು ಅದೇ ಕಾರಿನಲ್ಲಿ.

"ದೃಷ್ಟಿಯಾಗಿದೆ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ" ಎಂದರು ನೆರೆಯವರು. "20 ಆಂಪಿಯರ್ ಫ್ಯೂಸ್ ಹಾಕಿಬಿಡಿ, ಸುಡೋದೇ ಇಲ್ಲ" ಎಂದರು ಇನ್ನೊಬ್ಬರು. ಎರಡರಲ್ಲೂ ಕಾರಣದ ಹುಡುಕಾಟವಿಲ್ಲ. ಎರಡನೆಯದಂತೂ ಅಪಾಯ. 10 ಆಂಪಿಯರ್ ಇರಬೇಕಾದಲ್ಲಿ 20 ಹಾಕಿದರೆ ಫ್ಯೂಸ್ ಉಳಿದು ವೈರ್ ಸುಡಬಹುದು.

ಎಲೆಕ್ಟ್ರಿಷಿಯನ್ ಹುಡುಗ ಪರೀಕ್ಷೆ ಮಾಡಿದ ರೀತಿ ನೋಡಿ. ಕರೆಂಟು ಬ್ಯಾಟರಿಯಿಂದ ಫ್ಯೂಸಿಗೆ, ಅಲ್ಲಿಂದ ಪೆಡಲ್ ಬಳಿಯ ಸ್ವಿಚ್ಚಿಗೆ, ಅಲ್ಲಿಂದ ಹಿಂದಿನ ಬಲ್ಬುಗಳಿಗೆ ಹೋಗಿ ಅರ್ಥ್ ಸೇರುತ್ತದೆ. ಹೊಸ ಫ್ಯೂಸ್ ಹಾಕಿದಾಗ ಸುಡಲಿಲ್ಲ, ಪೆಡಲ್ ಒತ್ತಿದ ಕೂಡಲೇ ಸುಟ್ಟಿತು. ಅಂದರೆ ಸ್ವಿಚ್ಚಿನವರೆಗೆ ಸರಿಯಿದೆ, ತೊಂದರೆ ಅದರಾಚೆ. ಮೂರೂ ಬಲ್ಬು ಬಿಚ್ಚಿಟ್ಟು, ಫ್ಯೂಸಿನ ಜಾಗದಲ್ಲಿ ಟೆಸ್ಟ್ ಲ್ಯಾಂಪ್ ಸಿಕ್ಕಿಸಿ ಪೆಡಲ್ ಒತ್ತಿಸಿದ. ಬಲ್ಬುಗಳಿಲ್ಲದೆಯೂ ಲ್ಯಾಂಪ್ ಉರಿಯಿತು. ಅಂದರೆ ತಪ್ಪು ಬಲ್ಬಿನದಲ್ಲ, ನಡುವೆ ಎಲ್ಲೋ ವೈರು ಬಾಡಿಗೆ ತಾಗುತ್ತಿದೆ. ವೈರನ್ನು ಅಲ್ಲಲ್ಲಿ ಅಲುಗಿಸುತ್ತಾ ಬಂದ. ಡಿಕ್ಕಿ ಬಾಗಿಲಿನ ಕೀಲಿನ ಬಳಿ ಮುಟ್ಟಿದಾಗ ಲ್ಯಾಂಪ್ ಆರಿತು. ಬಾಗಿಲು ತೆಗೆದು ಮುಚ್ಚಿ ಅಲ್ಲಿ ವೈರಿನ ಮೇಲ್ಪದರ ಸವೆದಿತ್ತು. ಆ ತುಂಡು ಬದಲಿಸಿ, ಮತ್ತೆ 10 ಆಂಪಿಯರ್ ಫ್ಯೂಸನ್ನೇ ಹಾಕಿದ. ಲೈಟು ಉರಿಯಿತು.

ದೀಪ ಆರಿದ್ದು ದುಃಖ. ಸವೆದ ವೈರು ಅದರ ಕಾರಣ. ಅದನ್ನು ಸರಿಪಡಿಸಬಹುದು ಎಂಬುದು ಭರವಸೆ. ಒಂದೊಂದೇ ಹಂತ ಪರೀಕ್ಷಿಸುತ್ತಾ ಹೋಗುವುದು ಮಾರ್ಗ. ನಾಲ್ಕು ಆರ್ಯಸತ್ಯಗಳ ಕ್ರಮವೂ ಇದೇ ಅಲ್ಲವೇ?

ನಮ್ಮ ಹಿರಿಯರ ದುಃಖಕ್ಕೂ ನಿಂಬೆಹಣ್ಣಿನಂಥ ಉತ್ತರವನ್ನೇ ಕೊಟ್ಟಿದ್ದರು: "ಹಿಂದಿನ ಜನ್ಮದ ಕರ್ಮ, ಅನುಭವಿಸಿ." ಬಾಬಾಸಾಹೇಬರು ಒಪ್ಪಲಿಲ್ಲ. ಜಾತಿ ಯಾವುದರ ಆಸರೆಯಲ್ಲಿ ನಿಂತಿದೆ ಎಂದು ಹುಡುಕುತ್ತಾ ಹೋದರು. ಶಾಸ್ತ್ರಗಳು ಪವಿತ್ರ ಎಂಬ ನಂಬಿಕೆಯಲ್ಲಿ ಅದರ ಬೇರಿದೆ ಎಂದು 1936ರ ‘ಜಾತಿ ವಿನಾಶ’ದಲ್ಲಿ ತೋರಿಸಿದರು. 20 ವರ್ಷಗಳ ನಂತರ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ, ಕಾರಣವನ್ನು ಕೇಳುವ ಧಮ್ಮಕ್ಕೆ ನಮ್ಮನ್ನು ಕರೆತಂದರು.

ಆದರೂ "ಹಣೆಬರಹ" ಎಂಬ ಮಾತು ನಮ್ಮ ಮನೆಗಳಿಂದ ಪೂರ್ತಿ ಹೋಗಿಲ್ಲ. ನನ್ನ ತರಗತಿಯ ಹುಡುಗಿಯೊಬ್ಬಳು ಬೋರ್ಡ್ ನೋಡಿ ಬರೆಯುವಾಗ ತಪ್ಪುತ್ತಿದ್ದಳು. "ಅವಳ ಹಣೇಲಿ ಓದು ಬರೆದಿಲ್ಲ ಮೇಷ್ಟ್ರೇ" ಎಂದರು ತಾಯಿ. ಪಕ್ಕದಲ್ಲಿ ಕೂರಿಸಿಕೊಂಡು ಪುಸ್ತಕ ಓದಿಸಿದೆ, ಸರಾಗವಾಗಿ ಓದಿದಳು. ತೊಂದರೆ ಇದ್ದದ್ದು ದೂರದ ದೃಷ್ಟಿಯಲ್ಲಿ. ಕನ್ನಡಕ ಬಂದ ಮೇಲೆ ತಪ್ಪು ನಿಂತಿತು. ಹಣೆಬರಹ ಎಂದು ಬಿಟ್ಟಿದ್ದರೆ ಆ ಮಗು ಶಾಲೆಯನ್ನೇ ಬಿಡುತ್ತಿತ್ತು.

ಇಂದಿನ ಅಭ್ಯಾಸ: ಮನೆಯಲ್ಲಿ ಯಾರಾದರೂ "ನಮ್ಮ ಕರ್ಮ" ಎಂದರೆ ಜಗಳ ಬೇಡ. "ಕಾರಣ ಏನಿರಬಹುದು, ನೋಡೋಣ" ಎನ್ನಿ. ಮತ್ತೊಂದು, ರಾತ್ರಿ ಗಾಡಿಯ ಹಿಂಬದಿಯನ್ನು ಗೋಡೆಗೆ ಮಾಡಿ ನಿಲ್ಲಿಸಿ ಬ್ರೇಕ್ ಒತ್ತಿ. ಗೋಡೆಯ ಮೇಲೆ ಕೆಂಪು ಬೆಳಕು ಬೀಳದಿದ್ದರೆ ಬೆಳಿಗ್ಗೆಯೇ ತೋರಿಸಿ.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ. ಜೈ ಭೀಮ್. 🙏