ಟೀಕೆಯೂ ನಿಂದೆಯೂ

ಸದ್ಭಕ್ತರಲ್ಲಿ ಕೆಲವರು ಆಗಾಗ ಒಂದು ಸಂದೇಹವನ್ನು ಮುಂದಿಡುವುದುಂಟು. ಶರಣಧರ್ಮದಲ್ಲಿ ಪರರನ್ನು ಹಳಿಯುವುದು ನಿಷಿದ್ಧವಾದುದು. ಹೀಗಿರಲು ಸಾಹಿತ್ಯ, ರಾಜಕಾರಣ, ಸಮಾಜಗಳನ್ನು ಕುರಿತು ಕಟುವಾಗಿ ಬರೆದ ಪ್ರಬಂಧಗಳನ್ನು ಲಿಂಗವಂತ ಗೃಹಸ್ಥನು ಓದಬಹುದೆ? ಓದಿ ಸಂತೋಷಪಡಬಹುದೆ? ಸಂತೋಷಪಡುವುದಂತೂ ನಿಜ. ಬರೆದವರು ಗತಿಸಿ, ಬರೆಯಿಸಿದ ಪ್ರಸಂಗಗಳು ಮರೆತುಹೋಗಿ ದಶಕಗಳು ಕಳೆದರೂ ಅಂತಹ ಬರಹಗಳಿಗೆ ವಾಚಕರು ಇದ್ದೇ ಇದ್ದಾರೆ. ಈ ಆಕರ್ಷಣೆಗೆ ಮೂಲವು ನಿಂದಾಪ್ರಿಯತೆಯೋ ಸತ್ಯಪ್ರಿಯತೆಯೋ ಎಂಬುದನ್ನು ವಿಚಾರಿಸಬೇಕಾಗಿದೆ.

ಈ ಬಗೆಯ ಬರವಣಿಗೆ ನಮ್ಮ ಸಮಾಜಕ್ಕೆ ಹೊರಗಿನದಲ್ಲವೆಂಬುದನ್ನು ಮೊದಲು ನೆನೆಯೋಣ. ಹರ್ಡೇಕರ ಮಂಜಪ್ಪನವರು ದಾವಣಗೆರೆಯಲ್ಲಿ 1906ರಲ್ಲಿ 'ಧನುರ್ಧಾರಿ'ಯನ್ನು ಹೊರಡಿಸಿ ಸ್ವದೇಶೀ ವ್ರತವನ್ನು ಬೋಧಿಸಿದರು. ಅದೇ ಊರಿನಲ್ಲಿ 1913ರಲ್ಲಿ ಬಸವಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ಮುಂದಾದವರೂ ಅವರೇ. ಫ. ಗು. ಹಳಕಟ್ಟಿಯವರು ವಿಜಾಪುರದಿಂದ 1926ರಲ್ಲಿ ವಚನಗಳಿಗಾಗಿ 'ಶಿವಾನುಭವ'ವನ್ನೂ, ಮರುವರ್ಷವೇ ಲೋಕವಾರ್ತೆಗಾಗಿ 'ನವಕರ್ನಾಟಕ'ವನ್ನೂ ಆರಂಭಿಸಿದರು.

ನಮ್ಮ ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯಲ್ಲಿ 1935ರಲ್ಲಿ ಜನಿಸಿದ ಪಿ. ಲಂಕೇಶರ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರು ಆ ವೃತ್ತಿಯನ್ನು ಬಿಟ್ಟು 1980ರಲ್ಲಿ ವಾರಪತ್ರಿಕೆಯೊಂದನ್ನು ಹೊರತಂದರು. ಜಾಹೀರಾತನ್ನು ತೆಗೆದುಕೊಳ್ಳದೆ, ಓದುಗರು ಕೊಟ್ಟ ಬಿಡಿಕಾಸಿನಿಂದಲೇ ನಡೆದ ಪತ್ರಿಕೆಯದು. ಆಗ ಅಧಿಕಾರದಲ್ಲಿದ್ದ ಗುಂಡೂರಾಯರ ಸರ್ಕಾರವನ್ನು ಅದು ವಾರವಾರವೂ ಎದುರಿಸಿತು. 1983ರ ಚುನಾವಣೆಯಲ್ಲಿ ಆ ಸರ್ಕಾರ ಬಿದ್ದುಹೋಯಿತು. ಲಂಕೇಶರು 2000ದಲ್ಲಿ ತೀರಿಕೊಂಡರು. ಅಂದು ಆ ಪತ್ರಿಕೆ ಅಧಿಕಾರಸ್ಥರಿಗೆ ಇಟ್ಟ ಅಡ್ಡಹೆಸರುಗಳನ್ನು ಊರೂರಿನ ಜಗುಲಿಗಳಲ್ಲಿ ಹೇಳಿಕೊಂಡು ನಕ್ಕವರುಂಟು. ಇಂದಿನ ತರುಣನಿಗೆ ಅವುಗಳ ಅರ್ಥವನ್ನು ಬಿಡಿಸಿ ಹೇಳಬೇಕು. ಹೇಳಿದರೂ ಅವನಿಗೆ ನಗು ಬಾರದು. ಆದರೆ 'ಟೀಕೆ-ಟಿಪ್ಪಣಿ' ಎಂಬ ಹೆಸರಿನಲ್ಲಿ ಅವರು ಬರೆಯುತ್ತ ಬಂದ ಲೇಖನಗಳು ಸಂಪುಟಗಳಾಗಿ ಬಂದು ಈಗಲೂ ಓದಿಸಿಕೊಳ್ಳುತ್ತಿವೆ. ಒಬ್ಬನೇ ಲೇಖಕ, ಒಂದೇ ಪತ್ರಿಕೆ, ಒಂದೇ ಕಾಲ. ಒಂದು ಭಾಗವು ಒಣಗಿಹೋಯಿತು, ಇನ್ನೊಂದು ಹಸುರಾಗಿ ಉಳಿಯಿತು. ಇದಕ್ಕೆ ಕಾರಣವೇನು?

ಆ ಶೀರ್ಷಿಕೆಯ ಶಬ್ದವೇ ನಮಗೆ ದಾರಿ ತೋರುತ್ತದೆ. ಟೀಕೆಯೆಂದರೆ ಇಂದಿನ ಮಾತಿನಲ್ಲಿ ಆಕ್ಷೇಪಣೆ. ಶಾಸ್ತ್ರಗಳಲ್ಲಿ ಅದು ಮೂಲದ ಅರ್ಥವನ್ನು ಬಿಚ್ಚಿ ತೋರಿಸುವ ವ್ಯಾಖ್ಯಾನ. ಬೆಡಗಿನ ವಚನಗಳಿಗೆ ನಮ್ಮ ಹಿಂದಿನವರು ಬರೆದ ಟೀಕೆಗಳು ಈ ಅರ್ಥದವು. ಗ್ರಂಥಕರ್ತನನ್ನು ಬಯ್ಯುವವನು ಟೀಕಾಕಾರನೆನಿಸುವುದಿಲ್ಲವಷ್ಟೆ. 'ವಿಮರ್ಶೆ' ಎಂಬ ಇನ್ನೊಂದು ಪದವನ್ನಂತೂ ಸಾಹಿತಿಗಳು ನಮ್ಮ ದರ್ಶನದ ಅಂಗಳದಲ್ಲಿಯೇ ಕಾಣಬಹುದು. ಶಿವನು ಪ್ರಕಾಶರೂಪನು, ತನ್ನನ್ನು ತಾನು ಅರಿಯುವ ಆತನ ಶಕ್ತಿಗೆ ವಿಮರ್ಶೆಯೆಂದು ಹೆಸರು. ಕನ್ನಡಿಯೂ ಎದುರಿನ ವಸ್ತುವನ್ನು ತೋರುತ್ತದೆ, ಆದರೆ ತಾನು ತೋರುತ್ತಿರುವೆನೆಂಬ ಅರಿವು ಅದಕ್ಕಿಲ್ಲವಾದ್ದರಿಂದ ಅದು ಜಡ. ಹೊರಗಿನ ದೋಷವನ್ನು ತೋರುವಾಗ ತನ್ನನ್ನೂ ಕಂಡುಕೊಳ್ಳದ ಬರಹವು ಎಷ್ಟು ಹೊಳಪುಳ್ಳದ್ದಾದರೂ ಆ ಕನ್ನಡಿಯ ಜಾತಿಗೆ ಸೇರಿದುದು. ಫ್ರಾನ್ಸ್ ದೇಶದ ಮೊಂತೇನನು 1580ರಲ್ಲಿ ತನ್ನ ಪ್ರಬಂಧಗಳನ್ನು ಪ್ರಕಟಿಸಿದಾಗ ಅವಕ್ಕೆ 'ಪರೀಕ್ಷೆ', 'ಪ್ರಯತ್ನ' ಎಂಬ ಅರ್ಥದ ಹೆಸರನ್ನೇ ಇಟ್ಟನು. ಪರೀಕ್ಷೆಗೆ ಒಡ್ಡಿಕೊಂಡುದು ಮೊದಲು ತನ್ನನ್ನೇ. ದೇಶಕಾಲಗಳು ಬೇರೆಯಾದರೂ ಮಾತು ಹತ್ತಿರದ್ದು.

ಶೂನ್ಯಸಂಪಾದನೆಯಲ್ಲಿ ಬರುವ ಸೊನ್ನಲಿಗೆಯ ಪ್ರಸಂಗವನ್ನು ಸ್ಮರಿಸಬೇಕು. ಈ ಜಿಲ್ಲೆಯ ಬಳ್ಳಿಗಾವೆಯವರೆಂದು ಪ್ರಸಿದ್ಧರಾದ ಅಲ್ಲಮಪ್ರಭುಗಳು ಅಲ್ಲಿಗೆ ಬಂದಾಗ ಸಿದ್ಧರಾಮನು ಕೆರೆ ಕಟ್ಟಿಸುವ ಕಾರ್ಯದಲ್ಲಿದ್ದಾನೆ. ಪ್ರಭುಗಳು ಅವನನ್ನು ಹಗುರವಾಗಿ ಹೆಸರಿಟ್ಟು ಕೂಗುತ್ತಾರೆ. ಕೆಲಸಗಾರರು ಕೆರಳಿ ಕಲ್ಲೆತ್ತುತ್ತಾರೆ. ಅಲ್ಲಿಗೆ ಕಥೆ ನಿಂತಿದ್ದರೆ ಅದು ನಿಂದೆಯೇ ಸರಿ. ಆದರೆ ಪ್ರಭುಗಳ ಪ್ರಶ್ನೆ ಕೆರೆ ಬೇಕೋ ಬೇಡವೋ ಎಂಬುದಲ್ಲ. ನೀರು ನಿಲ್ಲುವ ಕಡೆ 'ನಾನು ಮಾಡಿದೆ' ಎಂಬುದೂ ನಿಂತುಬಿಟ್ಟರೆ ಗತಿಯೇನು ಎಂಬುದು. ಆ ಪ್ರಶ್ನೆ ಸಿದ್ಧರಾಮನನ್ನು ತುಚ್ಛೀಕರಿಸದೆ ಕಲ್ಯಾಣದತ್ತ ನಡೆಸಿತು. ಸೊಲ್ಲಾಪುರದಲ್ಲಿ ಕೆರೆಯೂ ಇದೆ, ನಮ್ಮಲ್ಲಿ ಪ್ರಶ್ನೆಯೂ ಇದೆ. ಇಂದು ಶಾಲೆ, ಛತ್ರ, ಸಮುದಾಯಭವನಗಳನ್ನು ಕಟ್ಟಿಸಿ ಶಿಲಾಫಲಕದಲ್ಲಿ ಹೆಸರು ಕೊರೆಸುವ ಶ್ರೀಮಂತ ಭಕ್ತನು ಆ ಪ್ರಸಂಗವನ್ನು ಓದುವಾಗ ಸಿದ್ಧರಾಮನ ಸ್ಥಾನದಲ್ಲಿ ತಾನೇ ನಿಂತಿರುತ್ತಾನೆ. (ಫಲಕದಲ್ಲಿ ಹೆಸರು ತಪ್ಪಾಗಿ ಅಚ್ಚಾಯಿತೆಂದು ಸಭೆಯಿಂದ ಎದ್ದುಹೋದವರನ್ನು ನಾನು ಬಲ್ಲೆ.)

ಪ್ರಬಂಧದ ಬಾಳಿಕೆ ಇರುವುದು ಈ ಸ್ಥಾನಾಂತರದಲ್ಲಿ. ವ್ಯಕ್ತಿಯ ಮೇಲಣ ಸಿಟ್ಟು ಆ ವ್ಯಕ್ತಿಯೊಡನೆ ಮುಗಿಯುತ್ತದೆ. ಅಧಿಕಾರವು ಮನುಷ್ಯನನ್ನು ಏನು ಮಾಡುತ್ತದೆ, ಜಾತಿಯು ನಾಲಗೆಯಲ್ಲಿ ಹೇಗೆ ಅಡಗಿರುತ್ತದೆ ಎಂಬ ವಿಚಾರಕ್ಕೆ ಪ್ರತಿ ತಲೆಮಾರಿನಲ್ಲಿಯೂ ಹೊಸ ಆಸಾಮಿಗಳು ಒದಗುತ್ತಾರೆ.

ಸೋಗಾನೆಯ ವಿಮಾನನಿಲ್ದಾಣವು 2023ರ ಫೆಬ್ರವರಿ 27ರಂದು ಆರಂಭವಾಯಿತು. ಅದಕ್ಕೆ ಕುವೆಂಪು ಅವರ ನಾಮಧೇಯ. ಯೋಗ್ಯವಾದುದೇ. ಕವಿಯೆಂದು ಅವರನ್ನು ಎಲ್ಲರೂ ಬಲ್ಲರು. ಮೌಢ್ಯವನ್ನೂ ಪೌರೋಹಿತ್ಯವನ್ನೂ ಎದುರಿಸಿದ ಅವರ ವೈಚಾರಿಕ ಲೇಖನಗಳನ್ನು ಕೈಗೆತ್ತಿಕೊಂಡವರು ಅಷ್ಟಿಲ್ಲ. ಲಿಂಗವಂತರಾದ ನಾವು ಕೈಗೆತ್ತಿಕೊಂಡರೆ, ಪುರೋಹಿತಶಾಹಿಗೆ ಪೆಟ್ಟು ಬಿದ್ದಲ್ಲೆಲ್ಲ ತಲೆದೂಗುತ್ತೇವೆ. ಇದನ್ನು ನಮ್ಮ ಶರಣರು ಎಂದೋ ಹೇಳಿದ್ದರೆಂದು ಹೆಮ್ಮೆಪಡುತ್ತೇವೆ. ಹೆಮ್ಮೆಗೆ ಆಧಾರವಿಲ್ಲದಿಲ್ಲ. ಆದರೆ ಅದೇ ಲೇಖನವು ಗೃಹಪ್ರವೇಶಕ್ಕೆ ಮುಹೂರ್ತ ಕೇಳಲು ಪಂಚಾಂಗದವರ ಬಾಗಿಲಿಗೆ ಹೋದ ನಮ್ಮನ್ನೂ ಕುರಿತದ್ದು. ಲಂಕೇಶರ ಲೇಖನವು ಚುನಾವಣೆ ಬಂದೊಡನೆ ಎಲ್ಲ ಪಕ್ಷಗಳ ವಾಹನಗಳೂ ಸಾಲುಗಟ್ಟುವ ಮಠದ ಅಂಗಳವನ್ನೂ ಕುರಿತದ್ದು. ಈ ಮಾತು ಮಠದ ಪತ್ರಿಕೆಯಲ್ಲಿಯೇ ಬರುವುದು ಲೇಸು. ಹರಳಯ್ಯ ಮಧುವರಸರ ಮಕ್ಕಳ ವಿವಾಹವನ್ನು ಪುರಾಣದಲ್ಲಿ ಕೇಳಿ ಕಣ್ಣೀರು ತಂದುಕೊಂಡವರು ಮರುದಿನ ತಮ್ಮ ಕನ್ಯೆಗೆ ವರನನ್ನು ನೋಡುವಾಗ ಮೊದಲು ಕೇಳುವುದು ಒಳಪಂಗಡವನ್ನು. ಅಲ್ಲಿಯವರೆಗೆ ಸತ್ಯವಾಗಿ ಕಂಡ ಟೀಕೆಯು ಆ ಪುಟದಲ್ಲಿ ಒಮ್ಮೆಗೇ ನಿಂದೆಯಾಗಿ ಕಾಣತೊಡಗುತ್ತದೆ. ಪುಸ್ತಕವನ್ನು ಮಡಿಸಿ ಗೂಡಿನಲ್ಲಿಡುತ್ತಾರೆ. ಹೀಗೆ ಅರ್ಧಕ್ಕೆ ಓದಿ ಇಟ್ಟ ಪುಸ್ತಕಗಳಿರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ.